ಆಸ್ಪತ್ರೆಯ ಕೌಂಟರಿನಲ್ಲಿ ಕೇಳುವ ಒಟಿಪಿ ಯಾರ ಹೊಣೆ?

ಡಿಜಿಟಲ್ ಆರೋಗ್ಯದ ನೀತಿಶಾಸ್ತ್ರವನ್ನು, ಅಂದರೆ ರೋಗಿಗಳ ಡಿಜಿಟಲ್ ಮಾಹಿತಿಯ ಬಳಕೆಯಲ್ಲಿ ಸರಿ ಯಾವುದು ತಪ್ಪು ಯಾವುದು ಎಂಬ ಓದನ್ನು, ವೃತ್ತಿಯಾಗಿ ಆರಿಸಿಕೊಳ್ಳಲು ಹೊರಟ ಮುಂಬಯಿ ಕನ್ನಡಿಗರ ಮಕ್ಕಳನ್ನು ದಯವಿಟ್ಟು ತಡೆಯಬೇಡಿ. ಇದೇ ವಿಷಯವನ್ನು ಪಾಠ ಮಾಡುವವಳಾಗಿ ಕೇಳಿಕೊಳ್ಳುತ್ತಿದ್ದೇನೆ. "ಡಾಕ್ಟರೂ ಅಲ್ಲ, ಎಂಜಿನಿಯರೂ ಅಲ್ಲ, ಇದೆಂಥ ಓದು?" ಎಂದು ಮಾಟುಂಗದಲ್ಲೂ ಕೇಳುತ್ತಾರೆ, ಡೊಂಬಿವಲಿಯಲ್ಲೂ ಕೇಳುತ್ತಾರೆ.

ಯಾವುದಾದರೂ ದೊಡ್ಡ ಆಸ್ಪತ್ರೆಯ ನೋಂದಣಿ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹಿಂದೆ ಉದ್ದನೆಯ ಸಾಲು, ಮುಂದೆ ಅವಸರದ ಗುಮಾಸ್ತ. ಊರಿನಿಂದ ಮಗನ ಮನೆಗೆ ಬಂದ ಅಜ್ಜಿ ಮೊಬೈಲ್ ಚಾಚುತ್ತಾರೆ, ಒಟಿಪಿ ಹೋಗುತ್ತದೆ, ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ 14 ಅಂಕಿಯ ಸರ್ಕಾರಿ ಗುರುತಾದ ಆಭಾ ಸಂಖ್ಯೆ ಸಿದ್ಧವಾಗುತ್ತದೆ. ಅದು ಐಚ್ಛಿಕ ಎಂದು ಆಕೆಗೆ ಹೇಳಿದವರು ಯಾರು? ಹೇಳಿದ್ದರೂ, ಆ ಸಾಲಿನಲ್ಲಿ ನಿಂತು ಬೇಡ ಎನ್ನುವ ಧೈರ್ಯ ಯಾರಿಗಿರುತ್ತದೆ? ಇದನ್ನು ಸಮ್ಮತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಇದಕ್ಕೂ ಮುಂಚಿನ 2019ರ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಆರೋಗ್ಯದ ಮಾಹಿತಿಗೆ 'ಸೂಕ್ಷ್ಮ' ಎಂಬ ಪ್ರತ್ಯೇಕ ವರ್ಗವಿತ್ತು. 2023ರ ಕಾಯ್ದೆಯಲ್ಲಿ ಆ ವರ್ಗ ಉಳಿಯಲಿಲ್ಲ. ಕ್ಷಯವೋ ಎಚ್‌ಐವಿಯೋ ಇರುವವರ ದಾಖಲೆಯೂ ಅಂಗಡಿಯ ಬಿಲ್ಲಿನ ವಿವರವೂ ಒಂದೇ ತಕ್ಕಡಿಯಲ್ಲಿ! ಇದನ್ನು ಗಟ್ಟಿಯಾಗಿ ಪ್ರಶ್ನಿಸಲು ಕಾನೂನು, ವೈದ್ಯಕೀಯ, ಸಾಫ್ಟ್‌ವೇರ್ ಮೂರನ್ನೂ ಬಲ್ಲವರು ಬೇಕು.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಅವರು ಕೋರ್ಟಿನ ಮೆಟ್ಟಿಲು ಹತ್ತಿದರು. ವೈದ್ಯಕೀಯ ನೀತಿಶಾಸ್ತ್ರದ ಕುರಿತ ಗಂಭೀರ ಪತ್ರಿಕೆಯೊಂದು 1993ರಲ್ಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ. ಇಂದಿನ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್' ಅದೇ. ನೆಲ ಹದವಾಗಿಯೇ ಇದೆ.

ಕಷ್ಟವಿಲ್ಲವೆಂದು ಹೇಳಲಾರೆ. ಕಾಯಂ ಹುದ್ದೆಗಳು ಅಪರೂಪ, ಯೋಜನೆ ಮುಗಿದರೆ ಸಂಬಳವೂ ಮುಗಿಯುತ್ತದೆ. ಆರೋಗ್ಯ ಆ್ಯಪ್ ಮಾಡುವ ಕಂಪನಿಯೇ ಸಂಶೋಧನೆಗೆ ಹಣ ಕೊಡಲು ಬಂದಾಗ ಬೇಡವೆನ್ನುವುದು ಬಾಡಿಗೆ ಮನೆಯಲ್ಲಿರುವ ಯುವ ಸಂಶೋಧಕರಿಗೆ ಎಷ್ಟು ಕಷ್ಟವೆಂದು ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದಲೇ ಈ ಹುದ್ದೆಗಳು ಸಾರ್ವಜನಿಕ ಹಣದಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಕಾಯಂ ಆಗಿ ಇರಬೇಕು.

ನಮ್ಮ ಸಂಘಗಳಿಗೂ ಒಂದು ಮಾತು. ಈ ಸಲ ವಿದ್ಯಾರ್ಥಿವೇತನದ ಅರ್ಜಿ ಅಚ್ಚು ಹಾಕಿಸುವಾಗ ವೈದ್ಯಕೀಯ, ಎಂಜಿನಿಯರಿಂಗ್ ಜೊತೆಗೆ ಆರೋಗ್ಯದ ನೀತಿಶಾಸ್ತ್ರದ ಅಧ್ಯಯನವನ್ನೂ ಸೇರಿಸಿ. ಅರ್ಜಿ ಪರಿಶೀಲಿಸಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ.