ನಗು ಇರುವುದು ಕಣ್ಣಲ್ಲಿ
ಕೀಲಿಮಣೆಯ ಚಿಹ್ನೆಗಳಿಂದ ಮಾಡುವ ಮುಖಗಳ ಕುರಿತ ನಿಮ್ಮ ಲೇಖನದಲ್ಲಿ (^_^) ಅನ್ನು :-) ಚಿಹ್ನೆಯ ಜಪಾನಿ ರೂಪ ಎಂದಷ್ಟೇ ಹೇಳಿದ್ದೀರಿ, ಅದು ಅರ್ಧ ಮಾತು. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಸೂಚಿಸಿದ :-) ಮತ್ತು :-( ಎರಡರಲ್ಲೂ ಕಣ್ಣು ಒಂದೇ, ಬದಲಾಗುವುದು ಬಾಯಿ. ಜಪಾನಿನ ಕಾವೊಮೊಜಿಯಲ್ಲಿ, ಅಂದರೆ ಇಂಥ ಅಕ್ಷರಮುಖಗಳಲ್ಲಿ, ಬಾಯಿ ಹೆಚ್ಚಾಗಿ ಬರೀ ಒಂದು ಗೆರೆ, ಕೆಲಸವೆಲ್ಲ ಕಣ್ಣಿನದು. (^_^) ನಗು, (;_;) ಅಳು, (>_<) ನೋವು ಇಲ್ಲವೇ ಕಸಿವಿಸಿ. ಅಳುವ ಮುಖದ ಅದೇ ಅರ್ಧವಿರಾಮ (;) ಕೆನ್ನೆಯ ಪಕ್ಕಕ್ಕೆ ಸರಿದು (^_^;) ಆದರೆ ಅದು ಕಣ್ಣೀರಲ್ಲ, ಬೆವರು. ಅಂದರೆ ಮುಜುಗರದ ನಗು. ಇದನ್ನು ಬರೀ ಖುಷಿ ಎಂದು ಓದಿಕೊಂಡರೆ, ಎದುರಿನವರು ನಯವಾಗಿ 'ಆಗಲ್ಲ' ಅಂದದ್ದೇ ತಿಳಿಯದೆ ಹೋಗಬಹುದು.

ನೀವು ಹೇಳಲೇಬೇಕಿದ್ದ ಇನ್ನೊಂದು ಸಂಗತಿ: ಜಗತ್ತೆಲ್ಲ 'ಇದೇನಿದು' ಎಂದು ದುರುಗುಟ್ಟಲು ಬಳಸುವ ಠ_ಠ ಮುಖದ ಕಣ್ಣುಗಳು ನಮ್ಮ ಠಕಾರವೇ. ಅಳುವ ಥ_ಥ ಕೂಡ ಕನ್ನಡದ್ದೇ. ಕನ್ನಡ ಫಾಂಟ್ ಇಲ್ಲದ ಸಾಧನದಲ್ಲಿ ಕಣ್ಣಿನ ಜಾಗಕ್ಕೆ ಖಾಲಿ ಚೌಕ ಬರುತ್ತದೆ.

ಭುಜ ಕುಣಿಸುವ ¯\_(ツ)_/¯ ರೆಡ್ಡಿಟ್‌ನಂಥ ಮಾರ್ಕ್‌ಡೌನ್ (ಚಿಹ್ನೆಗಳಿಂದಲೇ ಬರಹದ ರೂಪ ಹೊಂದಿಸುವ ಪದ್ಧತಿ) ತಾಣಗಳಲ್ಲಿ ಎಡಗೈ ಕಳೆದುಕೊಳ್ಳುವುದಕ್ಕೂ ಕಾರಣವಿದೆ. ಅಲ್ಲಿ ಆ ಕೈಯಾಗಿರುವ ಬ್ಯಾಕ್‌ಸ್ಲ್ಯಾಶ್ (\) ಎಂದರೆ ಮುಂದಿನ ಚಿಹ್ನೆಯನ್ನು ಇದ್ದ ಹಾಗೇ ತೋರಿಸು ಎಂಬ ಆದೇಶ, ಹಾಗಾಗಿ ಅದೇ ಮಾಯವಾಗುತ್ತದೆ. ಒಂದರ ಬದಲು ಮೂರು ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕೈ ಉಳಿಯುತ್ತದೆ.