ಡಬ್ಬಿಯ ಮುಚ್ಚಳ ನೋಡಿದರೆ ಸಾಕು

ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ ಕಚೇರಿಗಳಿಗೆ ಊಟದ ಡಬ್ಬಿ ಮುಟ್ಟಿಸುವ ಡಬ್ಬಾವಾಲ ಮುಚ್ಚಳದ ಮೇಲಿನ ಗುರುತು ನೋಡುತ್ತಾನೆ, ಡಬ್ಬಿಯನ್ನು ಅದರ ಗುಂಪಿಗೆ ಸೇರಿಸುತ್ತಾನೆ, ಮುಂದಿನ ಲೋಕಲ್ ಹಿಡಿಯುತ್ತಾನೆ. ಒಳಗಿರುವುದು ಬಂಗುಡೆ ಸಾರೋ ಬದನೆ ಪಲ್ಯವೋ ಎಂದು ಒಂದೊಂದನ್ನೂ ತೆರೆದು ಮೂಸಿದರೆ ಫೋರ್ಟಿನ ಕಚೇರಿಗೆ ಮಧ್ಯಾಹ್ನದ ಊಟ ರಾತ್ರಿ ಎಂಟಕ್ಕೆ ತಲುಪೀತು. ಫೋಲ್ಡರುಗಳನ್ನು ತೆರೆದು ತೋರಿಸುವ ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರ್ ತಡಮಾಡುವುದು ಹೆಚ್ಚಾಗಿ ಹೀಗೆ ಮೂಸಲು ಹೋಗಿಯೇ.

ಡೊಂಬಿವಲಿಯ ಯಾವ ಕನ್ನಡ ಮನೆಯ ಡೌನ್‌ಲೋಡ್ಸ್ ಫೋಲ್ಡರನ್ನಾದರೂ ತೆರೆಯಿರಿ. ಮದುವೆಯ ಕರೆಯೋಲೆ, ಸಂಘದ ಯಕ್ಷಗಾನದ ಫೋಟೊ, ಅದೇ ಫೋಟೊ (1), ಅದೇ ಫೋಟೊ (2), ನಡುವೆ ಎಲ್ಲೋ ಸೊಸೈಟಿಯ ಮೇಂಟೆನೆನ್ಸ್ ಬಿಲ್ಲು. ಮೇಲೆ ಹಸಿರು ಪಟ್ಟಿ ಸ್ಲೋ ಲೋಕಲ್ಲಿನಂತೆ ತೆವಳುತ್ತಿರುತ್ತದೆ.

“ಬಿಲ್ಲು ಸಿಕ್ಕಿತಾ?” ಅಡುಗೆಮನೆಯಿಂದ.

“ಓಪನ್ ಆಗ್ತಾ ಉಂಟು ಮಾರಾಯ್ತಿ.”

ಆಗುತ್ತಾ ಇರುವುದು ಇಷ್ಟು. ಫೋಲ್ಡರಿನಲ್ಲಿ ಫೋಟೊಗಳೇ ಜಾಸ್ತಿ ಕಂಡರೆ ವಿಂಡೋಸ್ ಅದನ್ನು ‘ಪಿಕ್ಚರ್ಸ್’ ಜಾತಿಗೆ ಸೇರಿಸಿಬಿಡುತ್ತದೆ. ಆಮೇಲೆ ಹೆಸರು, ಗಾತ್ರ ಹೇಳಿ ಸುಮ್ಮನಾಗದೆ, ಪ್ರತಿ ಫೋಟೊದ ಒಳಹೊಕ್ಕು ತೆಗೆದ ದಿನ ಓದಿ, ಪುಟ್ಟ ಚಿತ್ರ ಬರೆಯಲು ಕೂರುತ್ತದೆ. ಮದ್ದು ಹೀಗೆ: ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಕಸ್ಟಮೈಜ್. ‘ಆಪ್ಟಿಮೈಜ್ ದಿಸ್ ಫೋಲ್ಡರ್ ಫಾರ್’ ಎಂಬಲ್ಲಿ ‘ಜನರಲ್ ಐಟಮ್ಸ್’ ಆರಿಸಿ, ಒಳಗಿನ ಫೋಲ್ಡರುಗಳಿಗೂ ಅನ್ವಯಿಸುವ ಚೌಕಕ್ಕೆ ಟಿಕ್ ಹಾಕಿ. ಮತ್ತೂ ಎಳೆದಾಡಿದರೆ ಫೋಲ್ಡರ್ ಆಪ್ಷನ್ಸ್‌ನ ವ್ಯೂ ಟ್ಯಾಬಿನಲ್ಲಿ ‘ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್’. ಮೊಮ್ಮಗುವಿನ ಮುಖ ಕಾಣುವುದಿಲ್ಲ ಎಂದು ಅಜ್ಜಿ ದೂರಬಹುದು. ಬಿಲ್ಲಿನ ದಿನ ಮಾತ್ರ ಹಾಕಿ, ಆಮೇಲೆ ತೆಗೆಯಿರಿ.

ಕಂಪ್ಯೂಟರ್ ಹಳೆಯದಾಗಿ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಲೆಕ್ಕವೇ ಬೇರೆ. ನಿಮಿಷಕ್ಕೆ 7,200 ಸುತ್ತು ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಜಾಗ ಓದುವ ಮುಳ್ಳಿನಡಿ ಬರಲು ಸರಾಸರಿ ಅದರ ಅರ್ಧ. ಮುಳ್ಳು ಸರಿಯುವ ಹೊತ್ತೂ ಸೇರಿ ಫೈಲಿಗೆ ಹತ್ತು ಮಿಲಿಸೆಕೆಂಡು ಹಿಡಿಯಿರಿ. 3,000 ಫೋಟೊಗಳ ಬಾಗಿಲು ತಟ್ಟುವುದಕ್ಕೇ 30 ಸೆಕೆಂಡು ಹೋಯಿತು. ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್ಪುಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದೇನೂ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಸರಿಹೊಂದುವುದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಹಾಗೆಂದೇ ಕೇಳಿ. ಅದನ್ನು ಹಾಕಿದ ಮೇಲೆ ಹಳೇ ಅಭ್ಯಾಸದಿಂದ ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳ ಜೋಡಣೆ) ಮಾಡುತ್ತ ಕೂರಬೇಡಿ. ಲಾಭವಿಲ್ಲ, ಸವೆತ ಮಾತ್ರ.

ತೆರೆದ ಕೂಡಲೇ ಎಕ್ಸ್‌ಪ್ಲೋರರ್ ಮರಗಟ್ಟಿದರೆ ಎಡಗಡೆಯ ಪಟ್ಟಿ ನೋಡಿ. ಹಿಂದೆಂದೋ ಜೋಡಿಸಿದ ಆಫೀಸಿನ ನೆಟ್‌ವರ್ಕ್ ಡ್ರೈವ್ ಇನ್ನೂ ಅಲ್ಲೇ ಕೂತಿರಬಹುದು. ಕೆಲಸ ಬಿಟ್ಟು ಎರಡು ವರ್ಷವಾದರೂ ಎಕ್ಸ್‌ಪ್ಲೋರರ್ ಆ ಸರ್ವರಿನ ಉತ್ತರಕ್ಕೆ ಕಾಯುತ್ತದೆ, ಪಾಪ. ರೈಟ್ ಕ್ಲಿಕ್, ಡಿಸ್‌ಕನೆಕ್ಟ್.

ರೈಟ್ ಕ್ಲಿಕ್ಕೇ ತಡವಾದರೆ ತಪ್ಪು ಬಾಡಿಗೆದಾರರದು. ಜಿಪ್ ಮಾಡುವ ತಂತ್ರಾಂಶ, ಆಂಟಿವೈರಸ್, ಕ್ಲೌಡ್ ಎಲ್ಲವೂ ಆ ಮೆನುವಿನಲ್ಲಿ ಒಂದೊಂದು ಖೋಲಿ ಹಿಡಿದಿರುತ್ತವೆ. ಮೆನು ತೆರೆಯುವಾಗ ಎಲ್ಲರನ್ನೂ ಎಬ್ಬಿಸಬೇಕು. ನಿರ್‌ಸಾಫ್ಟ್‌ನ ಶೆಲ್‌ಎಕ್ಸ್‌ವ್ಯೂ ಎಂಬ ಉಚಿತ ಉಪಕರಣದಲ್ಲಿ ಮೈಕ್ರೋಸಾಫ್ಟಿನದಲ್ಲದವು ಗುಲಾಬಿ ಬಣ್ಣದಲ್ಲಿ ಕಾಣುತ್ತವೆ. ‘ಕಾಂಟೆಕ್ಸ್ಟ್ ಮೆನು’ ಬಗೆಯವುಗಳಲ್ಲಿ ಅರ್ಧವನ್ನು ಡಿಸೇಬಲ್ ಮಾಡಿ ನೋಡಿ. ವೇಗ ಬಂದರೆ ಕಳ್ಳ ಆ ಅರ್ಧದಲ್ಲಿದ್ದಾನೆ. ಮತ್ತೆ ಅದರ ಅರ್ಧ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ಯಾರು ಕಳ್ಳ ಎಂದು ತಿಳಿಯುವುದೇ ಇಲ್ಲ.

ಪೆನ್ ಡ್ರೈವಿಗೆ ಮದುವೆಯ 4,000 ಫೋಟೊ ಹಾಕುವಾಗಲೂ ಇದೇ ಗೋಳು. ಅಷ್ಟೇ ಗಾತ್ರದ ಒಂದೇ ವಿಡಿಯೊ ಸರ್ರನೆ ಹೋಗುತ್ತದೆ. ಫೋಟೊಗಳಿಗೋ ಪ್ರತಿಯೊಂದಕ್ಕೂ ಹೊಸ ನಮೂದು, ಆಂಟಿವೈರಸ್ಸಿನ ತಪಾಸಣೆ. ಮೊದಲು ಜಿಪ್ ಮಾಡಿ ಒಂದೇ ಗಂಟು ಕಟ್ಟಿ. ಜೆಪೆಗ್‌ಗಳು ಮೊದಲೇ ಹಿಂಡಿದವು, ಹಾಗಾಗಿ ಗಾತ್ರ ಇಳಿಯಲಿಲ್ಲ ಎಂದು ಕೊರಗಬೇಡಿ.

ಇಷ್ಟಕ್ಕೂ ತಾಳ್ಮೆ ತಪ್ಪಿ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರಿಗೆ ‘ಎಂಡ್ ಟಾಸ್ಕ್’ ಕೊಡುವವರುಂಟು. ಕೆಳಗಿನ ಟಾಸ್ಕ್‌ಬಾರೂ ಡೆಸ್ಕ್‌ಟಾಪಿನ ಐಕಾನುಗಳೂ ಮಾಯ, ವಾಲ್‌ಪೇಪರಿನ ಗಣಪತಿ ಒಬ್ಬನೇ ಉಳಿದ. ಅವನ್ನೂ ನಡೆಸುತ್ತಿದ್ದುದು ಅದೇ ಎಕ್ಸ್‌ಪ್ಲೋರರ್. ಒತ್ತಬೇಕಿದ್ದದ್ದು ‘ರೀಸ್ಟಾರ್ಟ್’. ಆಗಿ ಹೋಗಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ‘ರನ್ ನ್ಯೂ ಟಾಸ್ಕ್’‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಎಲ್ಲ ವಾಪಸ್ಸು ಬರುತ್ತದೆ. ಬಿಲ್ಲು ಹುಡುಕಲು ತೆರೆದಿಟ್ಟಿದ್ದ ಫೋಲ್ಡರುಗಳನ್ನು ಮಾತ್ರ ಮತ್ತೆ ತೆರೆಯಬೇಕು.