ನಮ್ಮ ಮಕ್ಕಳು ಉಪ್ಪು ಮಾಡಿದ ದಿನ

ಆಗಸ್ಟ್ 15 ಅಂದ್ರೆ ನಮ್ಮ ಕೊಡಗಿನಲ್ಲಿ ಜಡಿಮಳೆ. ಆ ಚಳಿಯಲ್ಲಿ ಗಾಂಧೀಜಿ ವೇಷ ಹಾಕಿಕೊಂಡು, ಬರಿ ಮೈಯಲ್ಲಿ ನಡುಗುತ್ತಾ ನಿಂತ ಪುಟ್ಟ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಎರಡು ಸಾಲು ಹೇಳುತ್ತಾರೆ, ಚಪ್ಪಾಳೆ ಬೀಳುತ್ತೆ, ಸಿಹಿ ತಿಂದು ಮನೆಗೆ ಹೋಗುತ್ತಾರೆ. ವೇಷದ ಬಾಡಿಗೆ ಕೊಡೋಕೆ ಆಗದ ಲೈನ್ ಮನೆ (ತೋಟದ ಕೂಲಿ ಕಾರ್ಮಿಕರ ಸಾಲು ಮನೆ) ಮಕ್ಕಳು ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾರೆ. ಇದರಿಂದ ಮಕ್ಕಳು ಇತಿಹಾಸ ಕಲಿಯುತ್ತಾರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಐದನೇ ತರಗತಿಗೆ ಪಾಠ ಮಾಡುವವಳಾಗಿ ಈ ಮಾತು ಹೇಳುತ್ತಿದ್ದೇನೆ.

ಹಾಗಾಗಿ ಈ ಸಲ, ಬ್ರಿಟಿಷರ ಕಾನೂನು ಮುರಿದು ಗಾಂಧೀಜಿ ಮಾಡಿದ ಹಾಗೆ, ನಾವೂ ಉಪ್ಪು ಮಾಡಿದೆವು.

ಮಂಗಳೂರಿಗೆ ಹೋಗಿದ್ದ ಒಬ್ಬರ ಹತ್ತಿರ ಎರಡು ಲೀಟರ್ ಸಮುದ್ರದ ನೀರು ತರಿಸಿದೆ. ಮಧ್ಯಾಹ್ನದ ಊಟ ಆದ ಮೇಲೆ ಅಡುಗೆ ಅಕ್ಕ ಒಂದು ಒಲೆ ಬಿಟ್ಟುಕೊಟ್ಟರು. ನೀರನ್ನು ಬಟ್ಟೆಯಲ್ಲಿ ಸೋಸಿ ಅಗಲ ಪಾತ್ರೆಗೆ ಹಾಕಿ ಕುದಿಸೋಕೆ ಇಟ್ಟೆವು. ಅರ್ಧ ಗಂಟೆ ಕಳೆದರೂ ಏನೂ ಕಾಣಲಿಲ್ಲ. ಆಮೇಲೆ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ ಕಟ್ಟಿತು. ಕೊನೆಗೆ ತಳದಲ್ಲಿ ಚಿಟಪಟ ಸದ್ದು. ಕೆರೆದು ತೂಗಿದರೆ ಹತ್ತಿರ ಹತ್ತಿರ 70 ಗ್ರಾಂ. ಎಲ್ಲರೂ ನಾಲಿಗೆಗೆ ಇಟ್ಟುಕೊಂಡರು. ಉಪ್ಪಿನ ಜೊತೆಗೆ ಸ್ವಲ್ಪ ಕಹಿ. ಒಬ್ಬಳು ಕೇಳಿದಳು, "ಟೀಚರ್, ಇಷ್ಟು ಮಾಡಿದ್ದಕ್ಕೇ ಜೈಲಿಗೆ ಹಾಕಿದ್ರಾ?"

ನಾನು ಕಾಯುತ್ತಿದ್ದದ್ದು ಈ ಒಂದು ಪ್ರಶ್ನೆಗೆ. ಸಮುದ್ರ ಎಲ್ಲರದ್ದು, ಬಿಸಿಲು ಎಲ್ಲರದ್ದು, ಆದರೆ ಉಪ್ಪು ಮಾತ್ರ ಸರ್ಕಾರದ್ದು ಅನ್ನೋ ಕಾನೂನು ಎಷ್ಟು ಅನ್ಯಾಯ ಅಂತ ಆಮೇಲೆ ನಾನು ವಿವರಿಸಬೇಕಾಗಿ ಬರಲಿಲ್ಲ. ಅವರೇ ಮಾತಾಡಿಕೊಂಡರು.

ಮರುದಿನ ಲೆಕ್ಕದ ಪೀರಿಯಡ್‌ನಲ್ಲಿ ದಂಡಿ ಯಾತ್ರೆ. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟು 24 ದಿನದಲ್ಲಿ ಸುಮಾರು 385 ಕಿಲೋಮೀಟರ್. ಭಾಗಿಸಿದರೆ ದಿನಕ್ಕೆ 16. ಸುಂಟಿಕೊಪ್ಪದಿಂದ ಮಡಿಕೇರಿಗೆ ಹೆಚ್ಚು ಕಡಿಮೆ ಅಷ್ಟೇ ದೂರ. "ದಿನಾ ಅಷ್ಟು ನಡೀಬೇಕಾ? 24 ದಿನ?" ಅಂತ ಬಾಯಿ ಬಿಟ್ಟರು. ಆ ಗುಂಪಿನಲ್ಲಿ ನಮ್ಮ ಹಾವೇರಿ ಕಡೆಯ ಮೈಲಾರ ಮಹದೇವಪ್ಪ ಅನ್ನೋ ಹುಡುಗನೂ ಇದ್ದ ಅಂದಾಗ ಅವರ ಮುಖ ನೋಡಬೇಕಿತ್ತು. 1934ರಲ್ಲಿ ಗಾಂಧೀಜಿ ಕೊಡಗಿಗೇ ಬಂದಿದ್ದರು. ಅವರು ತಮ್ಮ ಮನೆಗೆ ಬರಲೇಬೇಕು ಅಂತ ಕಥೆಗಾರ್ತಿ ಕೊಡಗಿನ ಗೌರಮ್ಮ ಉಪವಾಸ ಕೂತು, ಬಂದ ಮೇಲೆ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಆ ಮನೆ ಇದ್ದದ್ದು ಇದೇ ಸುಂಟಿಕೊಪ್ಪದ ಕಡೆ. ದೇಶದ ಇತಿಹಾಸ ಎಲ್ಲೋ ದೆಹಲಿಯಲ್ಲಿ ನಡೆದದ್ದು ಅಂದುಕೊಂಡಿದ್ದ ಮಕ್ಕಳಿಗೆ ಅದು ಪಕ್ಕದ ರಸ್ತೆಗೇ ಬಂದ ಹಾಗಾಯಿತು.

ಇನ್ನೊಂದು ದಿನ ಕಂದಾಯದ ಆಟ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅಮರ ಸುಳ್ಯ ಸೀಮೆಯನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ಹಣದಲ್ಲೇ ಕಟ್ಟಬೇಕು ಅಂದರು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಹತ್ತು ಮಕ್ಕಳಿಗೆ ಒಂದೊಂದು ಪಾವು ಭತ್ತ ಕೊಟ್ಟೆ. ಒಬ್ಬ ಸಾಹುಕಾರ, ಅವನ ಕೈಯಲ್ಲಿ ಹುಣಸೆ ಬೀಜದ ದುಡ್ಡು. ಕಂದಾಯ ತಲೆಗೆ ಐದು ಬೀಜ, ಇವತ್ತೇ ಕಟ್ಟಬೇಕು. ಮೊದಲು ಹೋದವಳಿಗೆ ಭತ್ತಕ್ಕೆ ಆರು ಬೀಜ ಸಿಕ್ಕಿತು. ಎಲ್ಲರೂ ಮುಗಿಬಿದ್ದ ಕೂಡಲೇ ಸಾಹುಕಾರ, ಯಾರೂ ಹೇಳಿಕೊಡದೆ, ಮೂರಕ್ಕೆ ಇಳಿಸಿದ! ಕೊನೆಯವನು ಅಳೋ ಹಾಗಾಗಿ, "ಭತ್ತ ಇದ್ರೂ ಕಟ್ಟೋಕೆ ಆಗ್ತಿಲ್ಲ ಟೀಚರ್" ಅಂದ. 1837ರ ರೈತನ ಸಂಕಟ ಅದೇ ಅಲ್ವಾ? ಆ ರೈತರು ದಂಗೆ ಎದ್ದು ಮಂಗಳೂರಿನ ತನಕ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು, 1857ಕ್ಕಿಂತ 20 ವರ್ಷ ಮುಂಚೆ.

ಆದರೆ ಎಲ್ಲವನ್ನೂ ಆಟ ಮಾಡಬಾರದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮಡಿಕೇರಿ ಕೋಟೆಗೆ ಕರೆದುಕೊಂಡು ಹೋದಾಗ ಒಬ್ಬ ಹುಡುಗ ಆ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೇಣಿಗೆ ಹಾಕಿದ್ದನ್ನು ಮಾಡಿ ತೋರಿಸ್ತೀವಿ ಅಂದ. ಬೇಡ ಅಂದೆ. 1837ರ ಅಕ್ಟೋಬರ್ 31ರಂದು ಇದೇ ಕೋಟೆಯಲ್ಲಿ ಅವರನ್ನು ಕೊಂದರು ಅಂತಷ್ಟೇ ಹೇಳಿ ಎಲ್ಲರನ್ನೂ ಕೂರಿಸಿದೆ. ಕಲ್ಲಾನೆ ಹತ್ತೋಕೆ ಓಡುತ್ತಿದ್ದವರೂ ಬಂದು ಕೂತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಟೈಮ್ ವೇಸ್ಟ್, ಪಾಠ ಯಾವಾಗ ಮುಗಿಸ್ತೀರಿ ಅಂತ ಕೇಳಿದವರಿದ್ದಾರೆ. ಉಪ್ಪಿಗೆ ಒಂದು ಮಧ್ಯಾಹ್ನ, ಕಂದಾಯಕ್ಕೆ ಒಂದು ಪೀರಿಯಡ್ ಹೋಯಿತು, ನಿಜ. ತಿಂಗಳು ಕಳೆದ ಮೇಲೆ ಕೇಳಿದಾಗ ಇಸವಿ ತಪ್ಪಿದವರಿದ್ದರು. ಜನ ಯಾಕೆ ದಂಗೆ ಎದ್ದರು ಅನ್ನೋದನ್ನು ಒಬ್ಬರೂ ತಪ್ಪಲಿಲ್ಲ. ನನಗೆ ಅದು ಜಾಸ್ತಿ ಮುಖ್ಯ.

ಮುಂದಿನ ವಾರ ತಕಲಿಯಲ್ಲಿ ನೂಲು ತೆಗೆಯೋದು ಅಂದುಕೊಂಡಿದ್ದೇವೆ. ನಮ್ಮ ಹತ್ತಿರ ಇರೋದು ಒಂದೇ ತಕಲಿ, ಮಕ್ಕಳು 18. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ತಕಲಿ, ಚರಕ, ಸೇರು, ಹಳೇ ಕಂದಾಯದ ರಸೀದಿ ಏನೇ ಇದ್ದರೂ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಬಂದು ತೆಗೆದುಕೊಂಡು ಹೋಗಿ, ಜೋಪಾನವಾಗಿ ವಾಪಸ್ ತಂದುಕೊಡುತ್ತೇನೆ.